ಹೋಗದ ಕ್ಯಾಸೆಟ್‌ಗಳ ಗುರುವಯ್ಯ

ನನಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಮೂವತ್ತೊಂದು ವರ್ಷ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನಿಗೆ ಕೆಲಸದ ಜೊತೆ ಅಂಟಿಕೊಂಡ ರೋಗ ಇದು. ಹಣ್ಣು ತೂಗುವಾಗ ಚೀಲದ ತಳಕ್ಕೆ ಕೈ ಹಾಕಿ ಹಸಿರು ಕಾಯಿ, ಕಲ್ಲು ಇದೆಯೇ ಅಂತ ನೋಡಬೇಕು. ಗೊಬ್ಬರದ ಲಾರಿ ಬಂದರೆ ಚೀಲದ ಹೊಲಿಗೆ ನೋಡಬೇಕು. ಜ್ವರ ಅಂತ ರಜೆ ಕೇಳಿದವನ ಹಣೆ ಮುಟ್ಟಬೇಕು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅಂತ ಹಿರಿಯರು ಹೇಳಿದ್ದಾರೆ. ನಾನು ಪ್ರಮಾಣಿಸಿದ ಮೇಲೂ ಇನ್ನೊಂದು ಸಲ ನೋಡುತ್ತಿದ್ದೆ. ಮದುವೆಯಾದ ಹೊಸತರಲ್ಲಿ, ಸಕ್ಕರೆ ಹಾಕಿದ್ದೇನೆ ಅಂತ ಸರಸ್ವತಿ ಹೇಳಿದರೂ ಚಮಚದಲ್ಲಿ ಲೋಟದ ತಳ ಕೆದಕುತ್ತಿದ್ದೆನಂತೆ. ಇದನ್ನು ನನ್ನ ಹೆಂಡತಿ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ.

ಅಂಥ ನಾನು ಜೀವನದಲ್ಲಿ ಅತಿ ಹೆಚ್ಚು ಅನುಮಾನಪಟ್ಟದ್ದು ಗುರುವಯ್ಯನನ್ನು. ಅವನ ಬಗ್ಗೆ ಯಾರೂ ಬರೆಯುವುದಿಲ್ಲ, ಬರೆಯುವಂಥ ದೊಡ್ಡ ಮನುಷ್ಯನೂ ಅಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಬರೆಯಬೇಕಾದ ಋಣ ನನ್ನ ಮೇಲಿದೆ, ಅದು ಏನು ಅಂತ ಮುಂದೆ ತಿಳಿಯುತ್ತದೆ.

ತೊಂಬತ್ತನಾಲ್ಕನೇ ಇಸವಿ. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿಯ ಕಾಫಿ ಸುಟ್ಟುಹೋಗಿ, ಇಲ್ಲಿ ಮೂಡಿಗೆರೆಯಲ್ಲಿ ನಮ್ಮ ತಲೆ ತಿರುಗಿತು. ಕಾಫಿಯ ಬೆಲೆ ಏರಿದ್ದೇ ಏರಿದ್ದು. ಬೆಲೆ ಏರಿದ ಮೇಲೆ ಕಳ್ಳತನ, ಕಳ್ಳತನ ಇಲ್ಲದ ಕಡೆ ಕಳ್ಳತನದ ಮಾತು. ಪಕ್ಕದ ತೋಟದವರು ಕಾವಲುಗಾರನಿಗೊಬ್ಬ ಕಾವಲುಗಾರನನ್ನು ಇಟ್ಟರು. ಅಣ್ಣತಮ್ಮಂದಿರು ಒಂದೇ ಗೋಡೌನಿಗೆ ಎರಡು ಬೀಗ ಹಾಕಿ ಒಂದೊಂದು ಕೀಲಿ ಇಟ್ಟುಕೊಂಡರು. ನನ್ನಂಥವನಿಗೆ ಅದು ಸುಗ್ಗಿ.

ಅದೇ ವರ್ಷ ನಮ್ಮ ಕಣಕ್ಕೆ ಗುರುವಯ್ಯ ಬಂದ. ಕಣ ಅಂದರೆ ಕಾಫಿ ಒಣಗಿಸುವ ಸಿಮೆಂಟಿನ ಅಂಗಳ. ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಬೀಜಕ್ಕೆ ಪಾರ್ಚ್‌ಮೆಂಟ್ ಅನ್ನುತ್ತೇವೆ. ಅದನ್ನು ಕಣದಲ್ಲಿ ತೆಳ್ಳಗೆ ಹರವಿ, ಗೋರುಮಣೆಯಿಂದ ಮೇಲೆ ಕೆಳಗೆ ತಿರುವುತ್ತ, ವಾರಗಟ್ಟಲೆ ಒಣಗಿಸಬೇಕು. ಹಿಂದೆ ಆ ಕೆಲಸ ನೋಡುತ್ತಿದ್ದ ಮುದುಕ ಮಾರಯ್ಯನಿಗೆ ಕಣ್ಣು ಮಂಜಾಗಿತ್ತು. ಹನ್ನೆರಡು ವರ್ಷ ಸಿಪ್ಪೆ ಬಿಡಿಸುವ ಯಂತ್ರದ ಮನೆಯಲ್ಲಿ ದುಡಿದಿದ್ದ ಗುರುವಯ್ಯನನ್ನು ಸಾಹುಕಾರರಾದ ಯಶವಂತ ಗೌಡರು ಆ ಜಾಗಕ್ಕೆ ಹಾಕಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಮೊದಲ ಅನುಮಾನ ಅಲ್ಲಿಂದಲೇ ಹುಟ್ಟಿತು.

ನಲವತ್ತು ದಾಟಿದ, ಒಣಕಲು, ಮಾತು ಕಮ್ಮಿ ಇರುವ ಆಳು. ಹೆಂಡತಿ ಭಾಗಮ್ಮ, ಇನ್ನೈದು ಹೆಂಗಸರು ಅವನ ಕೈಕೆಳಗೆ. ಕಣಕ್ಕೆ ಬರುವಾಗ ಅವನು ಒಂದು ಹಳೆಯ ಟೂ-ಇನ್-ಒನ್ ಹಿಡಿದುಕೊಂಡು, ಹೆಗಲಿಗೆ ಒಂದು ಚೀಲ ಹಾಕಿಕೊಂಡು ಬಂದ. ಚೀಲದ ತುಂಬ ಕ್ಯಾಸೆಟ್.

ಕ್ಯಾಸೆಟ್ ಹಾಕಿದ್ದಕ್ಕೆ ನನಗೇನೂ ಅನ್ನಿಸುತ್ತಿರಲಿಲ್ಲ. ಸಿನಿಮಾ ಹಾಡು ಎಲ್ಲ ಕಣದಲ್ಲೂ ಹಾಕುತ್ತಾರೆ, ಹೆಂಗಸರ ಕೈ ಚುರುಕಾಗುತ್ತದೆ. ಇವನು ಹಾಕುತ್ತಿದ್ದದ್ದು ಲೋಕದಲ್ಲಿ ಯಾರೂ ಕೇಳದ ಹಾಡು. ನನ್ನ ಆಫೀಸು ಮೇಲಿನ ದಿಣ್ಣೆಯಲ್ಲಿ. ನಡುವೆ ಯಂತ್ರದ ಮನೆ ಅಡ್ಡ ಇದ್ದದ್ದರಿಂದ ಕಣ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಬರುತ್ತಿತ್ತು. ಮೂರನೇ ದಿನ ತಡೆಯಲಾರದೆ ಇಳಿದು ಹೋದೆ.

“ಎಂತದೋ ಇದು ಗುರುವಯ್ಯ?”

“ಕ್ಲಾರಿನೆಟ್ಟು ರೈಟ್ರೆ. ಬ್ಯಾಂಡ್‌ಸೆಟ್ಟಿನೋರು ಊದ್ತಾರಲ್ಲ, ಅದು.”

“ಯಾರು ಊದಿದ್ದು?”

“ಅರಸೀಕೆರೆ ಕಡೆ ಯಾರೋ. ಹೆಸ್ರು ಯಾರಿಗೂ ಗೊತ್ತಿಲ್ಲ.”

“ಯಾರಿಗೂ ಗೊತ್ತಿಲ್ದಿದ್ದನ್ನ ನೀನ್ಯಾಕೆ ತಂದೆ ಮಾರಾಯ?”

“ಯಾರೂ ತಗೊಳ್ಳಲ್ಲ ಅಂತ ತಂದೆ.”

ಇದು ಉತ್ತರವೇ? ಯಾರೂ ತೆಗೆದುಕೊಳ್ಳದ್ದನ್ನು ತೆಗೆದುಕೊಳ್ಳುವವನಿಗೆ ಬೇರೆ ಏನೋ ಉದ್ದೇಶ ಇರಬೇಕು. ಸಿನಿಮಾ ಹಾಡು ಹಾಕು ಅಂದೆ. “ಅದು ಕಣಕ್ಕೆ ಆಗಿಬರಲ್ಲ ರೈಟ್ರೆ” ಅಂದು ತಲೆ ಬಗ್ಗಿಸಿ ಒಂದು ಬೀಜ ಬಾಯಿಗೆ ಹಾಕಿ ಕಚ್ಚಿದ. ಮಾತು ಮುಗಿಯಿತು ಅನ್ನುವುದಕ್ಕೆ ಅವನ ರೀತಿ ಅದು.

ಸಂತೆಯ ದಿನ ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರದ ಅಜಿತನ ಕ್ಯಾಸೆಟ್ ಅಂಗಡಿಗೆ ಹೋದೆ. ಗುರುವಯ್ಯ ಅಂದ ಕೂಡಲೇ ಅಜಿತ ನಕ್ಕು, ಕೌಂಟರಿನ ಕೆಳಗಿಂದ ಧೂಳು ಹಿಡಿದ ರಟ್ಟಿನ ಡಬ್ಬಿ ಎಳೆದ. ಮೇಲೆ ‘ಹೋಗದ್ದು’ ಅಂತ ಬರೆದಿತ್ತು.

“ಇದಕ್ಕೆ ಇರೋದು ಅವ್ರೊಬ್ರೇ ಗಿರಾಕಿ ಭಟ್ರೆ. ಬೇರೆಯೋರು ಮೊದಲ್ನೇ ಹಾಡು ಅರ್ಧ ನಿಮಿಷ ಕೇಳಿ ಬೇಡ ಅಂತಾರೆ. ಇವ್ರು ಇಲ್ಲೇ ನಿಂತು ಎರಡೂ ಕಡೆ ಪೂರ್ತಿ ಕೇಳ್ತಾರೆ. ಆಮೇಲೆ ಒಂದು ಕಡೆ ಎಷ್ಟು ನಿಮಿಷ ಬರುತ್ತೆ ಅಂತ ನನ್ನ ಕೈಲಿ ಗಡಿಯಾರ ನೋಡ್ಸಿ ಹೇಳಿಸ್ಕೊಳ್ತಾರೆ.”

ಹಾಡು ಕೇಳುವವನಿಗೆ ನಿಮಿಷದ ಲೆಕ್ಕ ಯಾಕೆ?

ಮರುದಿನದಿಂದ ಕಿವಿ ಕಣದ ಕಡೆಯೇ ಇಟ್ಟೆ. ಒಂದು ವಾರದಲ್ಲಿ ಇನ್ನೊಂದು ವಿಷಯ ಸಿಕ್ಕಿತು. ನಮ್ಮ ತೋಟದ ಕೆಳಗಿನ ತಿರುವಿನಲ್ಲಿ ಉಮೇಶ ಅನ್ನುವವನ ಬಾಡಿಗೆ ಜೀಪು ಮಧ್ಯಾಹ್ನ ಖಾಲಿ ವಾಪಸು ಹೋಗುತ್ತಿತ್ತು. ಬೇರೆ ದಿನ ಸೀದಾ ಹೋಗುವ ಜೀಪು, ಕ್ಲಾರಿನೆಟ್ ಹಾಕಿದ ದಿನ ತಿರುವಿನಲ್ಲಿ ನಿಲ್ಲುತ್ತಿತ್ತು. ಎಂಜಿನ್ ಆಫ್. ಹಾಡು ನಿಂತ ಮೇಲೆ ಎಂಜಿನ್ ಸ್ಟಾರ್ಟ್. ಒಂದು ಸಲ ಆದರೆ ಕಾಕತಾಳೀಯ ಅನ್ನಬಹುದು, ನಾಲ್ಕು ಸಲ ಆಯಿತು. ಕ್ಲಾರಿನೆಟ್ ಅಂದರೆ ‘ಬಾ’, ಬೇರೆ ಕ್ಯಾಸೆಟ್ ಅಂದರೆ ‘ಬೇಡ’ ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಅಷ್ಟು ಬುದ್ಧಿವಂತಿಕೆಯ ಕಳ್ಳತನ ಕಂಡುಹಿಡಿದೆನಲ್ಲ ಅಂತ ಒಳಗೊಳಗೇ ಹೆಮ್ಮೆಯೂ ಆಯಿತು.

ಫೆಬ್ರವರಿ ಕೊನೆಗೆ ಪಾರ್ಚ್‌ಮೆಂಟ್ ಚೀಲ ತುಂಬಿ ತೂಗಿದಾಗ ನಾನು ಕಾಯುತ್ತಿದ್ದದ್ದು ಸಿಕ್ಕಿತು. ಪ್ರತಿವರ್ಷ ಇಷ್ಟು ಹಣ್ಣಿಗೆ ಇಷ್ಟು ಪಾರ್ಚ್‌ಮೆಂಟ್ ಅಂತ ಒಂದು ಅಂದಾಜು ಇರುತ್ತದೆ. ಆ ವರ್ಷ ಆರು ಚೀಲ ಕಮ್ಮಿ ಬಂತು. ಎರಡು ಸಲ ತೂಗಿಸಿದೆ. ಆರು ಚೀಲವೇ.

ಸಾಹುಕಾರರು ಗುರುವಯ್ಯನನ್ನು ಆಫೀಸಿನ ಜಗಲಿಗೆ ಕರೆಸಿದರು. ಭಾಗಮ್ಮನೂ ಬಂದು ಮೆಟ್ಟಿಲ ಕೆಳಗೆ ನಿಂತಳು. ನಾನು ಎಲ್ಲವನ್ನೂ ಒಂದೊಂದಾಗಿ ಹೇಳಿದೆ: ನಿಮಿಷ ಕೇಳಿದ್ದು, ಜೀಪು ನಿಂತದ್ದು, ಆರು ಚೀಲ ಕಮ್ಮಿಯಾದದ್ದು. ಚೀಲದಿಂದ ಕ್ಯಾಸೆಟ್ ತೆಗೆಸಿ ನೋಡಿದರೆ ಪ್ರತಿಯೊಂದರ ರಟ್ಟಿನ ಮೇಲೂ ಪೆನ್ಸಿಲಿನ ಗುರುತು. ಕೆಲವಕ್ಕೆ ಪೂರ್ತಿ ಸೊನ್ನೆ, ಕೆಲವಕ್ಕೆ ಅರ್ಧ.

“ಇದೇನೋ?” ಅಂತ ಗೌಡರು ಕೇಳಿದರು.

“ಬಿಸ್ಲು ಸಾವ್ಕಾರ್ರೆ. ಸುಡು ಬಿಸ್ಲಿದ್ರೆ ಬೇಗ ಬೇಗ ತಿರುವ್ಬೇಕು, ಇಲ್ದಿದ್ರೆ ಬೀಜ ಸೀಳುತ್ತೆ. ಅದಕ್ಕೆ ಚಿಕ್ಕ ಕ್ಯಾಸೆಟ್ಟು. ಮೋಡ ಇದ್ರೆ ದೊಡ್ಡದು. ಒಂದು ಕಡೆ ಮುಗೀತಾ, ಎದ್ದು ತಿರುವೋದು. ನಂಗೆ ಗಡಿಯಾರ ನೋಡಕ್ಕೆ ಬರಲ್ಲ.”

“ಸಿನಿಮಾ ಹಾಡಿಗೂ ಎರಡು ಕಡೆ ಇರುತ್ತಲ್ಲ?” ಅಂದೆ ನಾನು.

“ಅದು ಹಾಕಿದ್ರೆ ಇವ್ರು ಇನ್ನೊಂದ್ಸಲ ಹಾಕಿ, ಹಿಂದಕ್ಕೆ ಓಡ್ಸಿ ಅಂತಾರೆ. ಹೊತ್ತು ಕೆಡುತ್ತೆ. ಗೊತ್ತಿಲ್ದಿರೋ ಹಾಡನ್ನ ಯಾರೂ ಇನ್ನೊಂದ್ಸಲ ಕೇಳಲ್ಲ. ಮೊದ್ಲು ಅದಕ್ಕೇ ತಂದಿದ್ದು.” ಕ್ಯಾಸೆಟ್‌ಗಳ ಕಡೆ ನೋಡಿ ಹೇಳಿದ: “ಆಮೇಲೆ ಅದೇ ಚೆಂದ ಅನ್ನಿಸ್ತು.”

ಗೌಡರು ನನ್ನ ಮುಖ ನೋಡಿದರು. ಅವರಿಗೆ ಅರ್ಧ ನಂಬಿಕೆ ಬಂದಿತ್ತು. ನನಗೆ ಗಾಬರಿಯಾಯಿತು. “ಕೇಳಿದ್ದಕ್ಕೆಲ್ಲ ಉತ್ತರ ರೆಡಿ ಇಟ್ಕೊಂಡೋನನ್ನ ನಂಬ್ಬಾರ್ದು ಗೌಡ್ರೆ” ಅಂದೆ. “ಆರು ಚೀಲ ಎಲ್ಲಿಗೆ ಹೋಯ್ತು ಅಂತ ಹೇಳ್ಲಿ.”

“ನಂಗೆ ಗೊತ್ತಿಲ್ಲ, ಮನೆ ಹುಡುಕಿ” ಅಂದ ಗುರುವಯ್ಯ. ಹುಡುಕಿದೆವು. ಏನೂ ಸಿಗಲಿಲ್ಲ. ಕಳ್ಳ ಮನೆಯಲ್ಲಿ ಯಾಕೆ ಇಡುತ್ತಾನೆ ಅಂತ ನಾನು ಅದನ್ನೂ ಅವನ ವಿರುದ್ಧವೇ ಹೇಳಿದೆ. ಪೊಲೀಸು ಬೇಡ ಅಂದ ಗೌಡರು ಅವನನ್ನು ಕಣದಿಂದ ತೆಗೆದು ಮರಗಸಿಗೆ ಹಾಕಿದರು. ಅಂದರೆ ನೆರಳಿನ ಮರ ಹತ್ತಿ ಕೊಂಬೆ ಕಡಿಯುವ ಕೆಲಸ. ನಲವತ್ತು ದಾಟಿದವನಿಗೆ ಅದು ಶಿಕ್ಷೆಯೇ. ಕ್ಯಾಸೆಟ್‌ಗಳನ್ನು ವಿಚಾರಣೆಗೆ ಅಂತ ನಾನು ಇಟ್ಟುಕೊಂಡೆ. ಎಣಿಸಿ ಕೊಟ್ಟ, ಹತ್ತೊಂಬತ್ತು.

“ಮಧ್ಯದಿಂದ ಓಡ್ಸ್ಬೇಡಿ ರೈಟ್ರೆ” ಅಂದ. “ಮೊದ್ಲಿಂದ ಕೇಳಿ.”

ಓಡಿಸಬೇಡಿ ಅಂದನಲ್ಲ, ಓಡಿಸಿದರೆ ಏನೋ ತಪ್ಪಿಹೋಗುತ್ತದೆ ಅಂತ ನನಗೆ ಖಾತ್ರಿಯಾಯಿತು. ಹಾಗಾಗಿ ಮೊದಲಿಂದ ಕೊನೆಯವರೆಗೆ, ಒಂದು ಕ್ಷಣ ಬಿಡದೆ ಕೇಳುವುದು ಅಂತ ನಿಶ್ಚಯಿಸಿದೆ.

ಭಾನುವಾರ ಮಧ್ಯಾಹ್ನಗಳಲ್ಲಿ ಊಟ ಮುಗಿಸಿ, ಮನೆಯ ಟೇಪ್ ರೆಕಾರ್ಡರ್ ಮುಂದೆ ಪೆನ್ನು ಕಾಗದ ಹಿಡಿದು ಕೂತೆ. ಎಲ್ಲಿ ಸದ್ದು ನಿಲ್ಲುತ್ತದೆ, ಎಲ್ಲಿ ಏರುತ್ತದೆ, ಎಲ್ಲಿ ಹಿಂದಿನಿಂದ ಯಾರೋ ಮಾತಾಡಿದಂತೆ ಕೇಳುತ್ತದೆ, ಎಲ್ಲ ಬರೆದುಕೊಂಡೆ. ಸಂಗೀತ ಪ್ರೇಮಿಗಳು ಹೀಗೆ ಕೇಳುವುದಿಲ್ಲ. ಅವರು ಕೇಳುತ್ತ ಎಲೆ ಅಡಿಕೆ ಹಾಕುತ್ತಾರೆ, ತಲೆ ಆಡಿಸುತ್ತಾರೆ, ನಿದ್ದೆ ಹೋಗುತ್ತಾರೆ. ಅನುಮಾನದ ಮನುಷ್ಯ ಮಾತ್ರ ಉಸಿರು ಬಿಗಿಹಿಡಿದು ಕೇಳುತ್ತಾನೆ.

ಕ್ಲಾರಿನೆಟ್ ಕ್ಯಾಸೆಟ್‌ನ ಹೆಸರು ‘ಸಂಜೆ ಮೆರವಣಿಗೆ’. ರಟ್ಟಿನ ಮೇಲೆ ಹಿತ್ತಾಳೆ ಗುಂಡಿಯ ಕೋಟು ಹಾಕಿಕೊಂಡ ಮುದುಕನ ಫೋಟೊ. ಮೊದಲ ಹಾಡು ನಿಜಕ್ಕೂ ಕೆಟ್ಟದ್ದು. ಯಾರೋ ಕೀಬೋರ್ಡಿನವನು ಮೇಲೆ ಬಿದ್ದು ಬಾರಿಸಿದ್ದಾನೆ. ಅಂಗಡಿಯಲ್ಲಿ ಅರ್ಧ ನಿಮಿಷ ಕೇಳಿದವರು ಬೇಡ ಅಂದದ್ದು ತಪ್ಪಲ್ಲ. ಆದರೆ ಎರಡನೇ ಕಡೆಗೆ ಬರುವ ಹೊತ್ತಿಗೆ ಕೀಬೋರ್ಡಿನವನಿಗೆ ಸಾಕಾಗಿರಬೇಕು. ಮುದುಕ ಒಬ್ಬನೇ ಉಳಿಯುತ್ತಾನೆ. ಬ್ಯಾಂಡ್‌ಸೆಟ್ಟಿನವರು ಮದುಮಕ್ಕಳನ್ನು ಮನೆ ಮುಟ್ಟಿಸಿ, ಡೋಲು ಕಟ್ಟಿಟ್ಟು ಒಬ್ಬೊಬ್ಬರೇ ತಮ್ಮ ಊರಿಗೆ ನಡೆದುಹೋಗುವಾಗ ತಮಗೇ ಅಂತ ಊದಿಕೊಂಡರೆ ಹೇಗಿರುತ್ತದೋ ಹಾಗಿದೆ. ನಾನು ಪೆನ್ನು ಹಿಡಿದುಕೊಂಡೇ ಕೂತಿದ್ದೆ, ಕಾಗದದಲ್ಲಿ ಏನೂ ಬರೆದಿರಲಿಲ್ಲ.

ಇನ್ನೊಂದು ‘ಮೂರು ದನಿ’. ಅಕ್ಕತಂಗಿಯರು ಮೂವರು, ಪ್ರೈಮರಿ ಶಾಲೆಯ ಟೀಚರುಗಳಂತೆ. ತಂಬೂರಿ, ತಾಳ, ಅಷ್ಟೇ. ಅವರಲ್ಲಿ ಒಬ್ಬಳು ಯಾವಾಗಲೂ ಕೂದಲೆಳೆಯಷ್ಟು ತಡ. ಮೊದಲು ಅದು ತಪ್ಪು ಅನ್ನಿಸುತ್ತದೆ. ಮೂರನೇ ಸಲ ಕೇಳುವಾಗ ಆ ತಡವಾದ ದನಿಗೇ ಕಾಯುತ್ತೇವೆ. ಎರಡನೇ ಕಡೆಯ ಮೂರನೇ ಹಾಡಿನಲ್ಲಿ ಯಾರೋ ಒಂದು ಸಲ ಕೆಮ್ಮುತ್ತಾರೆ. ಅದನ್ನು ತೆಗೆಯದೆ ಬಿಟ್ಟಿದ್ದಾರೆ. ಇದೇ ಗುರುತು ಅಂತ ನಾನು ಕೆಂಪು ಶಾಯಿಯಲ್ಲಿ ಬರೆದುಕೊಂಡೆ. ಆ ಕೆಮ್ಮನ್ನೇ ಹತ್ತು ಸಲ ಕೇಳಿದೆ. ಹತ್ತನೇ ಸಲ ಸರಸ್ವತಿ ಒಳಗಿಂದ ಬಂದು, “ರೀ, ಆ ಹಾಡಿನ ಮುಂದಿನ ಸಾಲು ಕೇಳಕ್ಕೆ ಬಿಡಿ, ಎಷ್ಟು ಹೊತ್ತಿಂದ ಕೆಮ್ಮಿಸ್ತಾ ಇದೀರಿ” ಅಂದಳು. ಅವಳು ಅಡಿಗೆಮನೆಯಲ್ಲಿ ನಿಂತು ಎಲ್ಲ ಕೇಳುತ್ತಿದ್ದಾಳೆ ಅಂತ ನನಗೆ ಆಗ ಗೊತ್ತಾಯಿತು.

ಏಪ್ರಿಲ್ ಮುಗಿಯುವ ಹೊತ್ತಿಗೆ ನಾನು ಕಾಗದ ಪೆನ್ನು ಬಿಟ್ಟಿದ್ದೆ. ವಿಚಾರಣೆ ಅಂತಲೇ ಹೇಳಿಕೊಳ್ಳುತ್ತಿದ್ದೆ. ಆದರೆ ಭಾನುವಾರ ಬರಲಿ ಅಂತ ಬುಧವಾರವೇ ಅನ್ನಿಸುತ್ತಿತ್ತು.

ಮೇ ತಿಂಗಳಲ್ಲಿ ಮೂಡಿಗೆರೆಯಿಂದ ವಾಪಸು ಬರುವಾಗ ಉಮೇಶನ ಜೀಪು ಹತ್ತಿದೆ. ತಿರುವಿನಲ್ಲಿ ಅವನೇ ಮಾತು ತೆಗೆದ. “ರೈಟ್ರೆ, ನಿಮ್ಮ ಕಣದಲ್ಲಿ ಆ ಪೀಪಿ ಪದ ಹಾಕೋರಲ್ಲ, ಈಗ ಯಾಕೆ ಹಾಕಲ್ಲ? ನಾನು ಇಲ್ಲಿ ನಿಲ್ಸಿ ಕೇಳ್ತಿದ್ದೆ. ಎಂಜಿನ್ ಸದ್ದಲ್ಲಿ ಕೇಳಲ್ಲ ಅಂತ ಆಫ್ ಮಾಡ್ತಿದ್ದೆ.” ಇವನೂ ಸೇರಿಕೊಂಡು ಹೇಳುತ್ತಿರಬಹುದು ಅಂತ ಅಂದುಕೊಳ್ಳಲು ನೋಡಿದೆ, ಮನಸ್ಸು ಒಪ್ಪಲಿಲ್ಲ. ಆ ಮುದುಕನ ಎರಡನೇ ಕಡೆಗೆ ಜೀಪು ನಿಲ್ಲಿಸದವನು ಮನುಷ್ಯನೇ ಅಲ್ಲ ಅಂತ ಆಗಲೇ ನನಗೂ ಗೊತ್ತಿತ್ತಲ್ಲ.

ಜೂನ್‌ನಲ್ಲಿ ಚಿಕ್ಕಮಗಳೂರಿನ ಕ್ಯೂರಿಂಗ್‌ನವರ ಪತ್ರ ಬಂತು. ನಾವು ಕಳಿಸಿದ ಪಾರ್ಚ್‌ಮೆಂಟನ್ನು ಹೊಟ್ಟು ತೆಗೆದು ಶುದ್ಧ ಮಾಡುವವರು ಅವರು. ಪತ್ರ ಇಂಗ್ಲಿಷಿನಲ್ಲಿತ್ತು, ಬಿಚ್ಚುವುದು ನನ್ನ ಕೆಲಸ. ಅದರಲ್ಲಿ ಬರೆದದ್ದು ಇಷ್ಟು: ನಿಮ್ಮ ತೋಟದ ಪಾರ್ಚ್‌ಮೆಂಟ್ ಹತ್ತು ವರ್ಷದಲ್ಲಿ ಮೊದಲ ಸಲ ಹದವಾಗಿ ಒಣಗಿ ಬಂದಿದೆ. ಹಿಂದಿನ ವರ್ಷಗಳಂತೆ ತೇವ ಇಲ್ಲದ್ದರಿಂದ ಮತ್ತೆ ಒಣಗಿಸಬೇಕಾಗಲಿಲ್ಲ, ತೂಕವೂ ಇಳಿಯಲಿಲ್ಲ. ನಿಮ್ಮ ಕಣದವರಿಗೆ ನಮ್ಮ ಮೆಚ್ಚುಗೆ ತಿಳಿಸಿ.

ಆ ಆರು ಚೀಲ ನೀರು. ಹಿಂದೆ ಮಾರಯ್ಯ ದಿನಕ್ಕೆರಡು ಸಲ ತಿರುವಿಸುತ್ತಿದ್ದ. ನಾನು ಬೇಗ ಚೀಲ ಕಟ್ಟಿಸುವ ಅವಸರದಲ್ಲಿ ಅರೆ ಒಣಗಿದ್ದನ್ನೇ ತುಂಬಿಸುತ್ತಿದ್ದೆ. ಆ ನೀರಿನ ತೂಕವನ್ನೇ ನಾನು ಸರಿಯಾದ ತೂಕ ಅಂತ ನಂಬಿದ್ದೆ. ಕಾಫಿಯಲ್ಲೇ ಹುಟ್ಟಿ ಬೆಳೆದವನು ಮಾಡಬಾರದ ತಪ್ಪು, ಆದರೆ ಕಾಫಿಯವರು ಮಾತ್ರ ಮಾಡಲು ಸಾಧ್ಯವಿರುವ ತಪ್ಪು. ಗುರುವಯ್ಯ ಕ್ಯಾಸೆಟ್‌ನ ಒಂದೊಂದು ಕಡೆಗೂ ಎದ್ದು ತಿರುವಿ ನೀರು ಕಳೆದ. ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ಕಳ್ಳನಾದ.

ಪತ್ರ ಗೌಡರಿಗೆ ತೋರಿಸಿದರೆ ಗುರುವಯ್ಯ ಗೆಲ್ಲುತ್ತಾನೆ. ಅದೇ ಮಾತಿಗೆ ಗೌಡರು ಕೇಳುತ್ತಾರೆ: ಹಾಗಾದ್ರೆ ಭಟ್ರೆ, ಈ ಹತ್ತು ವರ್ಷ ಹಸಿ ಕಾಫಿ ಕಳಿಸಿದ್ದು ಯಾರು? ನಾನು ಪತ್ರವನ್ನು ಮೇಜಿನ ಡ್ರಾಯರಿಗೆ ಹಾಕಿ ಕೀಲಿ ತಿರುಗಿಸಿದೆ. ನಾಳೆ ತೋರಿಸೋಣ ಅಂದುಕೊಂಡೆ. ನಾಳೆ ಅನ್ನುವುದು ಹನ್ನೊಂದು ವರ್ಷ ನಡೆಯಿತು.

ಜುಲೈನಲ್ಲಿ ಗುರುವಯ್ಯ ಕೆಲಸ ಬಿಟ್ಟ. ಭಾಗಮ್ಮನ ತವರು ಸಂಸೆಗೆ ಹೋಗುತ್ತೇವೆ ಅಂದ. ನನ್ನ ಮೇಜಿನ ಮುಂದೆ ನಿಂತಿದ್ದ, ಪತ್ರ ಅವನ ಹೊಟ್ಟೆಯ ನೇರಕ್ಕೆ ಡ್ರಾಯರಿನಲ್ಲಿತ್ತು.

“ಕ್ಯಾಸೆಟ್ ಕೊಡಿ ರೈಟ್ರೆ.”

“ವಿಚಾರಣೆ ಮುಗಿದಿಲ್ಲ” ಅಂದೆ.

ಅದು ಸುಳ್ಳು. ಆ ಭಾನುವಾರಕ್ಕೆ ನಾನೂ ಸರಸ್ವತಿಯೂ ‘ಮೂರು ದನಿ’ಯನ್ನು ಇಟ್ಟುಕೊಂಡಿದ್ದೆವು. ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಹೊರಟುಹೋದ. ಆಗಸ್ಟಿನಲ್ಲಿ ಸಂಸೆಯ ಒಬ್ಬ ತೋಟದವರು ಪತ್ರ ಬರೆದು, ಗುರುವಯ್ಯ ಕೆಲಸ ಕೇಳುತ್ತಿದ್ದಾನೆ, ಹೇಗೆ ಅಂತ ಕೇಳಿದರು. ‘ಕೆಲಸ ಗೊತ್ತಿದೆ, ಗೋಡೌನಿನ ಬೀಗದ ಕೈ ಕೊಡಬೇಡಿ’ ಅಂತ ಉತ್ತರ ಬರೆದೆ. ಯಾಕೆ ಬರೆದೆ ಅಂತ ಇವತ್ತಿಗೂ ನನಗೆ ಸರಿಯಾಗಿ ತಿಳಿಯದು. ಒಂದು ಸಲ ಕಳ್ಳ ಅಂದವನನ್ನು ಕಳ್ಳನಾಗಿಯೇ ಇಟ್ಟರೆ ನಮಗೆ ನಿದ್ದೆ ಬರುತ್ತದೆ, ಅದಕ್ಕಿರಬೇಕು.

ಕಾಫಿಯ ಬೆಲೆ ಬಂದ ಹಾಗೇ ಹೋಯಿತು. ಎರಡು ಬೀಗದ ಅಣ್ಣತಮ್ಮಂದಿರ ಗೋಡೌನಿಗೆ ಬೀಗವೇ ಬೇಡವಾಯಿತು. ಎರಡು ಸಾವಿರದ ನಾಲ್ಕರಲ್ಲಿ ಯಶವಂತ ಗೌಡರು ತೀರಿಕೊಂಡರು. ಎರಡು ವರ್ಷ ಕಳೆದು ನಾನು ಕೆಲಸ ಬಿಟ್ಟು ಮೂಡಿಗೆರೆಯಲ್ಲಿ ಬಾಡಿಗೆ ಮನೆ ಮಾಡಿದೆ. ಡ್ರಾಯರ್ ಖಾಲಿ ಮಾಡುವಾಗ ಪತ್ರ ಕೈಗೆ ಬಂತು. ಸರಸ್ವತಿ ಅದನ್ನು ಓದಿದಳು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ತಾರೀಕು ಮಾತ್ರ ಚೆನ್ನಾಗಿ ಓದಿದಳು.

“ಇದು ಬಂದಾಗ ಅವ್ನು ಇನ್ನೂ ತೋಟದಲ್ಲಿದ್ನಲ್ರಿ” ಅಂದಳು. ಮತ್ತೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಮೂರನೇ ದಿನ ಪತ್ರವನ್ನೂ ಕ್ಯಾಸೆಟ್ ಚೀಲವನ್ನೂ ಹಿಡಿದು ಕಳಸದ ಬಸ್ಸು ಹತ್ತಿದೆ. ಅಲ್ಲಿಂದ ಸಂಸೆಗೆ ಜೀಪು. ಜನವರಿಯ ಬಿಸಿಲು ಇತ್ತು. ಕೇಳುತ್ತ ಹೋದರೆ, ನನಗೆ ಪತ್ರ ಬರೆದಿದ್ದವರದೇ ತೋಟ. ಅವರು ಈಗಿಲ್ಲ, ಮಗಳು ಪಂಚಮಿ ತೋಟ ನೋಡಿಕೊಳ್ಳುತ್ತಾಳೆ. ಸಣ್ಣ ಕಣ, ಮೂರು ಜನ ಹೆಂಗಸರು. ಭಾಗಮ್ಮ ಬೆಳ್ಳಗಾಗಿದ್ದಳು. ಗುರುವಯ್ಯ ಕಣದ ಅಂಚಿನ ಕಲ್ಲಿನ ಮೇಲೆ ಕೂತು ಬಾಯಿ ಮುಚ್ಚಿಕೊಂಡೇ ಏನೋ ಗುನುಗುತ್ತಿದ್ದ. ನಾನು ಗೇಟಿನ ಹತ್ತಿರವೇ ನಿಂತೆ. ‘ಸಂಜೆ ಮೆರವಣಿಗೆ’ಯ ಎರಡನೇ ಕಡೆ. ಹಾಡು ಹಾಡಿನ ನಡುವೆ ಕ್ಯಾಸೆಟ್‌ನಲ್ಲಿ ಎಷ್ಟು ಹೊತ್ತು ಸದ್ದಿಲ್ಲವೋ ಅಷ್ಟೇ ಹೊತ್ತು ಸುಮ್ಮನಾಗಿ, ಮುಂದಿನದನ್ನು ಎತ್ತುತ್ತಿದ್ದ. ಕೊನೆಯ ಹಾಡು ಮುಗಿಯಿತು. “ತಿರುವಿ” ಅಂದ. ಹೆಂಗಸರು ಎದ್ದರು.

ನನ್ನನ್ನು ನೋಡಿ ಅವನೂ ಎದ್ದ. ಕೂರಿ ಅನ್ನಲಿಲ್ಲ.

ನಾನು ಪತ್ರ ತೆಗೆದು ವಿಷಯ ಹೇಳಿದೆ. ಎಲ್ಲ ಹೇಳಿದೆ, ಡ್ರಾಯರಿನದ್ದೂ. ಅವನು ಕಾಗದವನ್ನು ಮುಟ್ಟಲಿಲ್ಲ.

“ಸಾವ್ಕಾರ್ರಿಗೆ ತೋರ್ಸಿದ್ರಾ?”

“ಇಲ್ಲ.”

“ಈಗ ಅವ್ರೆಲ್ಲಿ?”

“ತೀರ್ಕೊಂಡ್ರು. ಎರಡು ವರ್ಷ ಆಯ್ತು.”

ಅವನು ಕಣದ ಕಡೆ ತಿರುಗಿ ನಿಂತ. ಅವನ ದವಡೆ ಅಲುಗುತ್ತಿತ್ತು. ಬೀಜ ಕಚ್ಚುತ್ತಿದ್ದಾನೆ ಅಂದುಕೊಂಡೆ, ಬಾಯಲ್ಲಿ ಬೀಜ ಇರಲಿಲ್ಲ. “ಅವ್ರು ನನ್ನ ಕಳ್ಳ ಅಂತ್ಲೇ ತಿಳ್ಕೊಂಡು ಹೋದ್ರು” ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಯಾರೂ ಏನೂ ಅನ್ನದೆಯೇ ನನ್ನ ಹೆಗಲು ಭಾರವಾಗಿತ್ತು.

“ಹಾಗಾದ್ರೆ ಇಲ್ಲಿ ಓದಿ” ಅಂದ. “ಅಮ್ಮೋರನ್ನ ಕರೀತೀನಿ. ಗಟ್ಟಿಯಾಗಿ ಓದಿ. ಕನ್ನಡದಲ್ಲಿ.”

ಪಂಚಮಿ ಬಂದಳು. ಹೆಂಗಸರು ಗೋರುಮಣೆ ಹಿಡಿದುಕೊಂಡೇ ಹತ್ತಿರ ಬಂದರು. ನಾನು ಕಣದ ಮಧ್ಯೆ ಚಪ್ಪಲಿ ಬಿಟ್ಟು ನಿಂತು ಓದಿದೆ. ಪತ್ರದಲ್ಲಿ ಇಲ್ಲದ್ದನ್ನೂ ಹೇಳಿದೆ: ಆರು ಚೀಲ ಕದ್ದ ಅಂದವನು ನಾನು, ನಿಮ್ಮ ತಂದೆಗೆ ಬೀಗದ ಕೈ ಕೊಡಬೇಡಿ ಅಂತ ಬರೆದವನೂ ನಾನು. ಭಾಗಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಪಂಚಮಿ ಪತ್ರವನ್ನು ಇಸಿದುಕೊಂಡು ತಾನೇ ಇನ್ನೊಂದು ಸಲ ಓದಿದಳು. ಅವಳದ್ದು ನನ್ನ ಜಾತಿಯೇ, ಪ್ರಮಾಣಿಸಿ ನೋಡುವ ಜಾತಿ. ಓದಿ ಮಡಚಿ, ಸೊಂಟದ ಕೀಲಿ ಗೊಂಚಲಿನಿಂದ ಒಂದನ್ನು ಬಿಡಿಸಿದಳು.

“ಸಂಜ್ಗೆ ನೀವೇ ಬೀಗ ಹಾಕಿ ಗುರುವಯ್ಯ” ಅಂದಳು. ಹನ್ನೊಂದು ವರ್ಷದಿಂದ ಪ್ರತಿ ಸಂಜೆ ಅವನು ಗೋಡೌನಿನ ಬಾಗಿಲಲ್ಲಿ ನಿಂತು ಮನೆಯವರು ಬಂದು ಬೀಗ ಹಾಕುವುದಕ್ಕೆ ಕಾಯುತ್ತಿದ್ದನಂತೆ. ಇದನ್ನು ಭಾಗಮ್ಮ ಆಮೇಲೆ ಹೇಳಿದಳು.

ಗುರುವಯ್ಯ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ನನ್ನ ಕೈಯ ಚೀಲ ತೆಗೆದುಕೊಂಡು ಕಲ್ಲಿನ ಮೇಲೆ ಕ್ಯಾಸೆಟ್ ಎಣಿಸಿದ. ಮತ್ತೊಂದು ಸಲ ಎಣಿಸಿದ.

“ಹದ್ನೆಂಟಿದೆ.”

“ಮೂರು ದನಿ ಬೂಷ್ಟು ಹಿಡಿದು ಹಾಳಾಯ್ತು” ಅಂದೆ.

ಅವನು ತಲೆ ಎತ್ತಿ ನನ್ನನ್ನು ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಒಂದು ಇಡೀ ಸುಗ್ಗಿ ನಾನು ಅವನನ್ನು ನೋಡಿದ ನೋಟ ಅದು.

“ಅದ್ರಲ್ಲಿ ಒಬ್ರು ಕೆಮ್ತಾರೆ. ಎಲ್ಲಿ?” ಅಂತ ಕೇಳಿದ.

“ಎರಡನೇ ಕಡೆ, ಮೂರನೇ ಹಾಡು” ಅಂತ ಬಾಯಿ ತಾನಾಗಿ ಹೇಳಿಬಿಟ್ಟಿತು. ಬೂಷ್ಟು ಹಿಡಿದು ಹಾಳಾದ ಕ್ಯಾಸೆಟ್ ಯಾರಿಗೂ ಅಷ್ಟು ನೆನಪಿರುವುದಿಲ್ಲ.

“ಮನೇಲಿದೆ” ಅಂದೆ. “ಸರಸ್ವತಿಗೆ ಅದು ಇಷ್ಟ. ನನಗೂ.”

“ತಂದು ಕೊಡಿ” ಅಂದ ಗುರುವಯ್ಯ. ಸಿಟ್ಟಿನಿಂದಲ್ಲ, ಸಮಾಧಾನವಾಗಿಯೇ. “ಅದು ನಂದು.”

ಮುಂದಿನ ಸೋಮವಾರ ತಂದುಕೊಟ್ಟೆ. ಇನ್ನೊಂದು ಪ್ರತಿ ಸಿಗುತ್ತದೇನೋ ಅಂತ ಅಜಿತನ ಅಂಗಡಿಗೆ ಹೋದರೆ ಅವನು ಮೊಬೈಲ್ ಕವರ್ ಮಾರುತ್ತಿದ್ದ. ಕ್ಯಾಸೆಟ್ ಕಂಪನಿ ಮುಚ್ಚಿ ವರ್ಷಗಳಾಗಿವೆ, ಹೋಗದ ಡಬ್ಬಿಯನ್ನು ಗುಜರಿಗೆ ಹಾಕಿದೆ ಅಂದ. ನನಗೆ ತಿಳಿದಂತೆ ಈ ಬೆಟ್ಟಗಳಲ್ಲಿ ಅದು ಒಂದೇ ಉಳಿದಿರುವುದು.

ಹಾಗಾಗಿ ಕೇಳಬೇಕು ಅನ್ನಿಸಿದಾಗ ನಾನೂ ಸರಸ್ವತಿಯೂ ಬಸ್ಸು ಹತ್ತಿ ಸಂಸೆಗೆ ಹೋಗುತ್ತೇವೆ. ಭಾಗಮ್ಮ ಕಾಫಿ ಕೊಡುತ್ತಾಳೆ. ಗುರುವಯ್ಯ ತನಗೆ ತೋಚಿದ್ದನ್ನು ಹಾಕುತ್ತಾನೆ, ನಾವು ಕೇಳಿದ್ದನ್ನಲ್ಲ. ಒಂದು ಕಡೆ ಮುಗಿದ ಕೂಡಲೇ ನಾನು ಎದ್ದು ಗೋರುಮಣೆ ಹಿಡಿಯಬೇಕು, ಅದು ಅವನ ನಿಯಮ. ನಾನು ತಿರುವಿ ಬರುವಷ್ಟರಲ್ಲಿ ಅವನು ಕ್ಯಾಸೆಟ್ ತೆಗೆದು ಚೀಲಕ್ಕೆ ಹಾಕಿ, ಚೀಲವನ್ನು ತನ್ನ ಕಾಲ ಹತ್ತಿರ ಎಳೆದುಕೊಂಡಿರುತ್ತಾನೆ. ಹೊರಡುವಾಗ ನಮ್ಮ ಮುಂದೆಯೇ ಎಣಿಸುತ್ತಾನೆ.